ಪೆನ್ಸ್ಕಿ ತಂಡದ ಇಂಡಿಕಾರ್ ಚರಿತ್ರೆಯನ್ನು ಕೋಷ್ಟಕಕ್ಕೆ ಇಳಿಸಿದ ಬಗೆ

ಅಮೆರಿಕದ ಕಾರ್ ರೇಸಿಂಗ್ ತಂಡ ಪೆನ್ಸ್ಕಿ, ಇಂಡಿಕಾರ್ ಸರಣಿಯ ದೊಡ್ಡ ರೇಸ್ ಆದ ಇಂಡಿಯಾನಾಪೊಲಿಸ್ 500 (ಇಂಡಿ 500) ಅನ್ನು 2025ರವರೆಗೆ 20 ಸಲ ಗೆದ್ದಿದೆ. ಆ 20ರಲ್ಲಿ ತಂಡ ತಾನೇ ಕಟ್ಟಿದ ಕಾರಿನಿಂದ ಗೆದ್ದದ್ದು ಆರೇ ಸಲ. ಪೆನ್ಸ್ಕಿ ಕಾರುಗಳು ಆ ರೇಸನ್ನು ಎಷ್ಟು ಸಲ ಗೆದ್ದವು ಎಂದು ಕೇಳಿದರೆ ಮಾತ್ರ ಉತ್ತರ ಏಳು. ಮೂರು ಅಂಕಿಗಳೂ ಸರಿಯೇ. 1989ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಪೆನ್ಸ್ಕಿ ತಂಡ ಕಟ್ಟಿದ ಪಿಸಿ-18 ಕಾರಿನಲ್ಲಿ ಗೆದ್ದರು, ಆದರೆ ಆಗ ಅವರು ಓಡಿಸುತ್ತಿದ್ದದ್ದು ಪ್ಯಾಟ್ರಿಕ್ ರೇಸಿಂಗ್ ತಂಡಕ್ಕೆ. ಅಮೆರಿಕದ ಓಪನ್ ವೀಲ್ (ಚಕ್ರಗಳಿಗೆ ಹೊದಿಕೆಯಿಲ್ಲದ ಕಾರುಗಳ) ರೇಸಿಂಗ್‌ನಲ್ಲಿ ತಂಡ, ಕಾರು ಕಟ್ಟಿದವರು, ಎಂಜಿನ್ ಮಾಡಿದವರು, ರೇಸ್ ನಡೆಸಿದ ಸಂಸ್ಥೆ ಇವೆಲ್ಲ ಬೇರೆ ಬೇರೆ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ಕೂಡಿಸಲು ಹೊರಟರೆ ಒಂದು ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ಹೀಗಾಗಿ ನಾನು ಗೆಲುವುಗಳ ಪಟ್ಟಿಯಿಂದ ಶುರು ಮಾಡಲಿಲ್ಲ. ಒಂದು ರೇಸಿನಲ್ಲಿ ಒಂದು ಕಾರು ಹೊರಟರೆ ಒಂದು ಸಾಲು, ಇದೇ ನನ್ನ ಅಳತೆ. ತಂಡ ಮೂರು ಕಾರು ಇಳಿಸಿದ್ದರೆ ಆ ರೇಸಿಗೆ ಮೂರು ಸಾಲು. ಪ್ರತಿ ಸಾಲಿನಲ್ಲಿ ಇರಬೇಕಾದ ಕಾಲಂಗಳು: ದಿನಾಂಕ, ಟ್ರ್ಯಾಕ್, ರೇಸ್ ನಡೆಸಿದ ಸಂಸ್ಥೆ, ಯಾವ ಚಾಂಪಿಯನ್‌ಶಿಪ್‌ಗೆ ಅಂಕ, ಕಾರು ಇಳಿಸಿದ ತಂಡ, ಕಾರಿನ ಸಂಖ್ಯೆ, ಪ್ರವೇಶ ಪಟ್ಟಿಯಲ್ಲಿ ಕಾರಿಗೆ ಕೊಟ್ಟ ಹೆಸರು, ರೇಸ್ ಓಡಿಸಿದ ಚಾಲಕ, ಅರ್ಹತಾ ಸುತ್ತು ಓಡಿಸಿದ ಚಾಲಕ, ಚಾಸಿಸ್ (ಎಂಜಿನ್ ಬಿಟ್ಟು ಕಾರಿನ ಒಡಲು) ಮಾದರಿ, ಎಂಜಿನ್, ಎಂಜಿನ್ ಮೇಲಿನ ಹೆಸರು, ಟೈರ್, ಅರ್ಹತಾ ವೇಗ, ಹೊರಟ ಸ್ಥಾನ, ಮುಗಿಸಿದ ಸ್ಥಾನ, ಸುತ್ತುಗಳು, ಮುಂಚೂಣಿಯಲ್ಲಿದ್ದ ಸುತ್ತುಗಳು, ನಿಂತ ಕಾರಣ. ಇಷ್ಟೊಂದು ಯಾಕೆ ಅನ್ನಿಸಬಹುದು. ಆದರೆ ಇವುಗಳಲ್ಲಿ ಒಂದೊಂದು ಕಾಲಮ್ಮೂ ಒಂದು ನಿರ್ದಿಷ್ಟ ಗೊಂದಲವನ್ನು ಬಿಡಿಸಲೆಂದೇ ಬಂದದ್ದು.

ಅರ್ಹತಾ ಸುತ್ತಿನ ಚಾಲಕನಿಗೆ ಬೇರೆ ಕಾಲಂ ಬೇಕಾದದ್ದು 1978ರ ಕಾರಣಕ್ಕೆ. ಇಂಡಿಯಾನಾಪೊಲಿಸ್‌ನಲ್ಲಿ ಅರ್ಹತೆ ಸಿಗುವುದು ಕಾರಿಗೆ, ಚಾಲಕನಿಗಲ್ಲ. ಆ ವರ್ಷ ಪೆನ್ಸ್ಕಿಯ ಮಾರಿಯೊ ಆಂಡ್ರೆಟ್ಟಿ ಫಾರ್ಮುಲಾ ಒನ್‌ನ ಬೆಲ್ಜಿಯನ್ ಗ್ರಾಂಪ್ರಿಗೆ ಹೋಗಿದ್ದರಿಂದ ಅವರ ಕಾರನ್ನು ಮೈಕ್ ಹಿಸ್ ಓಡಿಸಿ ಒಳಗೆ ತಂದರು. ಚಾಲಕ ಬದಲಾದರೆ ಕಾರು ಹೊರಡುವ ಸಾಲಿನ ಕೊನೆಗೆ ಹೋಗಬೇಕೆಂಬುದು ನಿಯಮ. ಆಂಡ್ರೆಟ್ಟಿ 33ನೇ ಸ್ಥಾನದಿಂದ ಹೊರಟದ್ದು ಹಾಗೆ. ಒಂದೇ ಕಾಲಂ ಇಟ್ಟುಕೊಂಡರೆ, ಆಂಡ್ರೆಟ್ಟಿಯಂಥವರು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ನಿಧಾನವಾಗಿದ್ದರು ಎಂಬ ಸುಳ್ಳು ಕೋಷ್ಟಕದಲ್ಲಿ ಉಳಿದುಬಿಡುತ್ತದೆ.

ಅರ್ಹತಾ ವೇಗದಲ್ಲೂ ಇಂಥದ್ದೇ ತೊಡಕಿದೆ. ಇಂಡಿಯಾನಾಪೊಲಿಸ್‌ನ ಅರ್ಹತಾ ವೇಗ ಎಂದರೆ ಎರಡೂವರೆ ಮೈಲಿಯ ನಾಲ್ಕು ಸುತ್ತುಗಳ ಸರಾಸರಿ. 1977ರಲ್ಲಿ ಪೆನ್ಸ್ಕಿಯ ಟಾಮ್ ಸ್ನೀವಾ ಗಂಟೆಗೆ 200 ಮೈಲಿ ದಾಟಿ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನ ಹೊರಡುವ ಸ್ಥಾನ, ಪಡೆದರು ಎಂದು ಎಲ್ಲರೂ ಬರೆಯುತ್ತಾರೆ. ಒಂದು ಸುತ್ತಿನ ವೇಗ 200.535 ಆಗಿದ್ದು ನಿಜ, ಆದರೆ ಪೋಲ್ ಕೊಟ್ಟ ಸರಾಸರಿ 198.884. ಎರಡನ್ನೂ ಬರೆದಿಡಬೇಕು, ಬೇರೆ ಬೇರೆ ಕಾಲಂಗಳಲ್ಲಿ. ವೇಗವನ್ನು ಮೈಲಿಯಲ್ಲೇ, ಮೂರು ದಶಮಾಂಶ ಸ್ಥಾನಗಳ ಸಮೇತ ಇಡುವುದು ಕ್ಷೇಮ. ಓದುಗರಿಗಾಗಿ ಕಿಲೋಮೀಟರ್‌ಗೆ ತಿರುಗಿಸುವುದನ್ನು ಕೊನೆಗೆ ಮಾಡಿಕೊಳ್ಳಬಹುದು. ಮೊದಲೇ ತಿರುಗಿಸಿ, ದುಂಡು ಮಾಡಿ, ಮತ್ತೆ ಮೈಲಿಗೆ ತಂದರೆ ಮೂರನೇ ದಶಮಾಂಶ ಕೆಡುತ್ತದೆ. ಇಲ್ಲಿ ಎರಡು ಕಾರುಗಳ ನಡುವಿನ ಅಂತರ ಹಲವು ಸಲ ಅಷ್ಟರಲ್ಲೇ ಇರುತ್ತದೆ.

ಇನ್ನು ಪ್ರವೇಶ ಪಟ್ಟಿ. ಎಪ್ಪತ್ತರ ದಶಕದ ಪಟ್ಟಿಯಲ್ಲಿ 'ನಾರ್ಟನ್ ಸ್ಪಿರಿಟ್', 'ಗೂಲ್ಡ್ ಚಾರ್ಜ್' ಎಂದೆಲ್ಲ ಕಂಡರೆ ಅವು ತಂಡದ ಹೆಸರುಗಳಲ್ಲ. ಪ್ರಾಯೋಜಕರ ಹೆಸರನ್ನೇ ಕಾರಿಗೆ ಇಟ್ಟಿರುತ್ತಾರೆ. 1979ರಲ್ಲಿ ಬಾಬಿ ಅನ್ಸರ್ ಮತ್ತು ರಿಕ್ ಮಿಯರ್ಸ್ ಒಂದೇ ತಂಡದವರು, ಕಾರುಗಳ ಹೆಸರು ಮಾತ್ರ ಇವೆರಡು. ಪ್ರಾಯೋಜಕರ ಹೆಸರು ನೋಡಿ ವಿಂಗಡಿಸಿದರೆ ಒಂದು ತಂಡ ಎರಡಾಗುತ್ತದೆ. ಸಂಖ್ಯೆಯನ್ನೂ ನಂಬಿ ಕೂರುವಂತಿಲ್ಲ. ಹಿಂದಿನ ವರ್ಷದ ಚಾಂಪಿಯನ್ 1ನೇ ಸಂಖ್ಯೆ ಹಾಕಿಕೊಳ್ಳುವುದರಿಂದ ಅದು ಕೈಯಿಂದ ಕೈಗೆ ದಾಟುತ್ತಿರುತ್ತದೆ. ಸಂಖ್ಯೆಯ ಪಕ್ಕದಲ್ಲಿ 'ಟಿ' ಅಕ್ಷರ ಇದ್ದರೆ ಅದು ಬದಲಿ ಕಾರು. ಅಭ್ಯಾಸದ ಫೋಟೊ ನೋಡಿ ಚಾಸಿಸ್ ಗುರುತಿಸುವಾಗ ಮೊದಲು ಆ ಅಕ್ಷರ ಇದೆಯೇ ಎಂದು ನೋಡಬೇಕು. ನನ್ನ ಕ್ರಮ ಇದು: ಸಾಲು ಹುಟ್ಟುವುದು ರೇಸಿನ ಫಲಿತಾಂಶ ಪಟ್ಟಿಯಾದ ಬಾಕ್ಸ್ ಸ್ಕೋರ್‌ನಿಂದ, ತಂಡದ ಹೆಸರು ಪ್ರವೇಶ ಪಟ್ಟಿಯಿಂದ, ಚಾಸಿಸ್ ಮತ್ತು ಟೈರ್ ರೇಸ್ ದಿನದ ಫೋಟೊದಿಂದ. ಫೋಟೊ ಯಾವ ದಿನದ್ದೆಂದು ಖಚಿತವಾಗದಿದ್ದರೆ ಆ ಖಾನೆ ಖಾಲಿ ಇರುವುದೇ ವಾಸಿ.

ಚಾಸಿಸ್ ಕಾಲಂ ಈ ತಂಡದ ಮಟ್ಟಿಗೆ ತುಂಬ ಹೇಳುತ್ತದೆ. 1972ರಲ್ಲಿ ಮಾರ್ಕ್ ಡೊನಹ್ಯೂ 162.962 ಮೈಲಿ ಸರಾಸರಿಯಲ್ಲಿ ಮೊದಲ ಇಂಡಿ 500 ತಂದುಕೊಟ್ಟದ್ದು ಮೆಕ್‌ಲಾರೆನ್ ಎಂ16ಬಿ ಕಾರು, ಆಫೆನ್‌ಹೌಸರ್ ಎಂಜಿನ್‌ನಲ್ಲಿ. ಪಿಸಿ ಎಂಬ ಸ್ವಂತ ಸರಣಿ ಶುರುವಾದದ್ದು ಫಾರ್ಮುಲಾ ಒನ್ ಕಾರುಗಳಿಂದ. 1976ರ ಆಸ್ಟ್ರಿಯನ್ ಗ್ರಾಂಪ್ರಿಯನ್ನು ಜಾನ್ ವಾಟ್ಸನ್ ಗೆದ್ದದ್ದು ಪಿಸಿ4ರಲ್ಲಿ. ಇಂಗ್ಲೆಂಡಿನ ಪೂಲ್ ಊರಿನ ಅದೇ ಕಾರ್ಖಾನೆ ಆಮೇಲೆ ಇಂಡಿ ಕಾರುಗಳನ್ನು ಕಟ್ಟತೊಡಗಿತು. ಅದಕ್ಕೇ ಇಂಡಿ ಸರಣಿ 1977ರ ಪಿಸಿ-5ರಿಂದ ಶುರುವಾಗುತ್ತದೆ. ಮೊದಲ ನಾಲ್ಕು ಸಂಖ್ಯೆಗಳನ್ನು ಇಂಡಿ ದಾಖಲೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಪಿಸಿ-6ರಿಂದ 1979, ಪಿಸಿ-9ಬಿಯಿಂದ 1981, ಪಿಸಿ-17ರಿಂದ 1988, ಪಿಸಿ-20ರಿಂದ 1991, ಪಿಸಿ-22ರಿಂದ 1993, ಪಿಸಿ-23ರಿಂದ 1994. ಸ್ವಂತ ಕಾರಿನ ಆರು ಗೆಲುವುಗಳು ಇವು.

ನಡುವೆ 1984, 1985, 1987 ಮೂರೂ ಮಾರ್ಚ್ ಎಂಬ ಕಂಪನಿಯ ಕಾರಿನ ಗೆಲುವುಗಳು. ಪಿಸಿ-12 ಓಡಲಿಲ್ಲವೆಂದು 1984ರ ಋತುವಿನ ಆರಂಭದಲ್ಲೇ ತಂಡ ಮಾರ್ಚ್ 84ಸಿ ಕೊಂಡಿತು. 1987ರಲ್ಲಿ ಪಿಸಿ-16 ಕೈಕೊಟ್ಟಿತು. ಆ ವರ್ಷದ ಸಾಲುಗಳನ್ನು ಮೈಯೆಲ್ಲ ಕಣ್ಣಾಗಿ ತುಂಬಬೇಕು. ಅಭ್ಯಾಸದಲ್ಲಿ ಡ್ಯಾನಿ ಒಂಗೈಸ್ ಅಪಘಾತಕ್ಕೊಳಗಾದ ಮೇಲೆ ಆಲ್ ಅನ್ಸರ್‌ಗೆ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ರೀಡಿಂಗ್‌ನ ಹೋಟೆಲೊಂದರಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಹಿಂದಿನ ವರ್ಷದ ಮಾರ್ಚ್ 86ಸಿ. ತಂಡದ ಉಳಿದಿಬ್ಬರು, ಮಿಯರ್ಸ್ ಮತ್ತು ಡ್ಯಾನಿ ಸಲಿವನ್, ಇಲ್ಮೋರ್ ಎಂಬ ಕಂಪನಿ ಕಟ್ಟಿದ ಶೆವ್ರೊಲೆ ಹೆಸರಿನ ಎಂಜಿನ್‌ನಲ್ಲಿದ್ದರು, ಅನ್ಸರ್ ಕಾರಿನಲ್ಲಿ ಮಾತ್ರ ಕಾಸ್‌ವರ್ತ್. 20ನೇ ಸ್ಥಾನದಿಂದ ಹೊರಟು ಗೆದ್ದರು. 'ಪೆನ್ಸ್ಕಿ 1987: ಮಾರ್ಚ್-ಶೆವ್ರೊಲೆ' ಎಂದು ತಂಡಕ್ಕೆಲ್ಲ ಒಂದೇ ಸಾಲು ಬರೆದಿದ್ದರೆ ಗೆದ್ದ ಕಾರಿನ ಎಂಜಿನ್ನೇ ತಪ್ಪಾಗುತ್ತಿತ್ತು.

ಎಂಜಿನ್ ಮತ್ತು ಅದರ ಮೇಲಿನ ಹೆಸರನ್ನು ಬೇರೆ ಮಾಡಲೇಬೇಕೆಂದು ಹಟ ಹಿಡಿಯುವುದು 1994. ಇಂಡಿಯಾನಾಪೊಲಿಸ್ 500 ನಡೆಸುತ್ತಿದ್ದದ್ದು ಯುಸ್ಯಾಕ್ ಎಂಬ ಹಳೆಯ ಸಂಸ್ಥೆ, ತಂಡಗಳೇ ಕಟ್ಟಿಕೊಂಡ ಸಂಸ್ಥೆ ನಡೆಸುತ್ತಿದ್ದದ್ದು ಋತುವಿನ ಉಳಿದ 15 ರೇಸ್‌ಗಳನ್ನು ಕಾರ್ಟ್. ಯುಸ್ಯಾಕ್ ನಿಯಮದಲ್ಲಿ ಓವರ್‌ಹೆಡ್ ಕ್ಯಾಮ್ (ಕವಾಟ ತೆರೆಯುವ ದಂಡ ಮೇಲ್ಭಾಗದಲ್ಲೇ ಇರುವ) ಎಂಜಿನ್‌ಗೆ 2.65 ಲೀಟರ್ ಮತ್ತು 45 ಇಂಚು ಪಾದರಸದ ಟರ್ಬೊ ಒತ್ತಡ. ಪುಶ್‌ರಾಡ್ (ಆ ದಂಡ ಕೆಳಗಿದ್ದು ಸರಳುಗಳ ಮೂಲಕ ಕವಾಟ ತೆರೆಯುವ ಹಳೆಯ ಬಗೆಯ) ಎಂಜಿನ್‌ಗೆ 3.43 ಲೀಟರ್, 55 ಇಂಚು. ಸಾಮಾನ್ಯ ಕಾರಿನ ಎಂಜಿನ್ ಬ್ಲಾಕ್ ಬಳಸುವ ಬಡ ತಂಡಗಳಿಗೆ ಅನುಕೂಲವಾಗಲೆಂದು ಇದ್ದ ಸವಲತ್ತು ಅದು. ಆದರೆ ಬ್ಲಾಕ್ ಮಾರುಕಟ್ಟೆಯ ಕಾರಿನದ್ದೇ ಆಗಿರಬೇಕೆಂಬ ಷರತ್ತು ಅಷ್ಟು ಹೊತ್ತಿಗೆ ಹೋಗಿತ್ತು. ಇಲ್ಮೋರ್ ಗುಟ್ಟಾಗಿ ಹೊಸ ಪುಶ್‌ರಾಡ್ ವಿ8 ಕಟ್ಟಿತು, ಮರ್ಸಿಡಿಸ್ 500ಐ ಎಂಬ ಹೆಸರು ಬಂತು, ಶಕ್ತಿ ಸುಮಾರು 1000 ಅಶ್ವಶಕ್ತಿ. ಫಿಟ್ಟಿಪಾಲ್ಡಿ ಮುಂಚೂಣಿಯಲ್ಲಿದ್ದಾಗ 185ನೇ ಸುತ್ತಿನಲ್ಲಿ ಗೋಡೆಗೆ ಬಡಿದರು, ಪೋಲ್‌ನಿಂದ ಹೊರಟಿದ್ದ ಆಲ್ ಅನ್ಸರ್ ಜೂನಿಯರ್ ಗೆದ್ದರು. ಆ ಎಂಜಿನ್ ಓಡಿದ ರೇಸ್ ಅದೊಂದೇ. ಶೆವ್ರೊಲೆ 1993ರ ಕೊನೆಗೆ ಹಿಂದೆ ಸರಿದಿದ್ದರಿಂದ ಉಳಿದ ರೇಸ್‌ಗಳಲ್ಲಿ ಅದೇ ಪಿಸಿ-23 ಓಡಿದ್ದು ಬರೀ ಇಲ್ಮೋರ್ ಹೆಸರಿನ 2.65 ಲೀಟರ್ ಎಂಜಿನ್‌ನಿಂದ. ಆ ವರ್ಷ ತಂಡ 16ರಲ್ಲಿ 12 ಗೆದ್ದಿತು. ಹೆಸರಿನ ಪ್ರಕಾರ ಹಂಚಿದರೆ ಇಲ್ಮೋರ್ 11, ಮರ್ಸಿಡಿಸ್ 1. ಹನ್ನೆರಡೂ ಮರ್ಸಿಡಿಸ್ ಲೆಕ್ಕಕ್ಕೆ ಹೋಗಿರುವ ಪಟ್ಟಿ ಕಂಡರೆ ಅದರ ಉಳಿದ ಎಂಜಿನ್ ಅಂಕಿಗಳನ್ನೂ ಅನುಮಾನದಿಂದ ನೋಡುವುದು ಒಳ್ಳೆಯದು.

ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಮುಂದಿನ ವರ್ಷವೇ ಎದುರಾಗುತ್ತದೆ. 1995ರಲ್ಲಿ ಅನ್ಸರ್ ಜೂನಿಯರ್, ಫಿಟ್ಟಿಪಾಲ್ಡಿ ಇಬ್ಬರೂ ಇಂಡಿಯಾನಾಪೊಲಿಸ್‌ನಲ್ಲಿ ಅರ್ಹತೆ ಪಡೆಯಲಿಲ್ಲ. ಸ್ವಂತ ಕಾರಿನಲ್ಲಿ ವೇಗ ಬರದೆ ಬೇರೆ ತಂಡದ ಲೋಲಾ ಕಾರುಗಳನ್ನು ಎರವಲು ತಂದರೂ ಆಗಲಿಲ್ಲ. ಇವಕ್ಕೆ ಸಾಲು ಬೇಕು, ಹೊರಟ ಸ್ಥಾನದ ಜಾಗದಲ್ಲಿ 'ಅರ್ಹತೆ ಇಲ್ಲ' ಎಂದು. 1996ರಿಂದ 2000ದವರೆಗೆ ಕಾರ್ಟ್ ಮತ್ತು ಅದರ ಎದುರಾಳಿ ಸರಣಿ ಐಆರ್‌ಎಲ್ ನಡುವಿನ ಒಡಕಿನಿಂದಾಗಿ ತಂಡ ಅಲ್ಲಿಗೆ ಹೋಗಲೇ ಇಲ್ಲ, ಆ ವರ್ಷಗಳಿಗೆ ಸಾಲೇ ಬೇಡ. 2001ರಲ್ಲಿ ಮರಳಿ ಬಂದು ಹೀಲಿಯೊ ಕ್ಯಾಸ್ಟ್ರೊನೆವೆಸ್ ಗೆದ್ದರು. ಸಾಲುಗಳು ಸರಿಯಿದ್ದರೆ 1994ರ ನಂತರ ಸೋಲು ಒಂದು, ಗೈರು ಐದು ಎಂದು ಕೋಷ್ಟಕವೇ ತೋರಿಸುತ್ತದೆ.

ಸಂಸ್ಥೆಗಳ ಗೋಜಲು ಇದಕ್ಕಿಂತ ಹಳೆಯದು. ರೋಜರ್ ಪೆನ್ಸ್ಕಿ ಮತ್ತು ಪ್ಯಾಟ್ ಪ್ಯಾಟ್ರಿಕ್ ಮುಂದಾಳುತನದಲ್ಲಿ ತಂಡಗಳು ಯುಸ್ಯಾಕ್ ಬಿಟ್ಟು ಕಾರ್ಟ್ ಕಟ್ಟಿದವು. 1979ರಲ್ಲಿ ಎರಡು ಚಾಂಪಿಯನ್‌ಶಿಪ್‌ಗಳು ನಡೆದವು. ಆರು ಕಾರ್ಟ್ ತಂಡಗಳ ಇಂಡಿ 500 ಪ್ರವೇಶವನ್ನು ಯುಸ್ಯಾಕ್ ತಿರಸ್ಕರಿಸಿ, ಕೋರ್ಟು ಅವನ್ನು ಒಳಗೆ ಬಿಡಿಸಿತು. 1981 ಮತ್ತು 1982ರ ಇಂಡಿ 500ಕ್ಕೆ ಕಾರ್ಟ್ ಅಂಕಗಳಿರಲಿಲ್ಲ. ಆದ್ದರಿಂದ ಕಾರ್ಟ್ ಪಟ್ಟಿಯನ್ನಷ್ಟೇ ಇಳಿಸಿಕೊಂಡವರ ಲೆಕ್ಕದಿಂದ ಪೆನ್ಸ್ಕಿಯ 1981ರ ಗೆಲುವು ಸದ್ದಿಲ್ಲದೆ ಜಾರಿಹೋಗುತ್ತದೆ. ನಡೆಸಿದ ಸಂಸ್ಥೆ ಒಂದು ಕಾಲಂ, ಅಂಕ ಕೊಟ್ಟ ಚಾಂಪಿಯನ್‌ಶಿಪ್ ಇನ್ನೊಂದು ಕಾಲಂ ಎಂದು ಒಡೆದದ್ದು ಇದಕ್ಕೇ.

ಜಾರಿಹೋದ ಸಾಲುಗಳನ್ನು ಹಿಡಿಯಲು ಮೈಲಿಗಲ್ಲುಗಳಿವೆ. ತಂಡದ ಮೊದಲ ಇಂಡಿಕಾರ್ ಗೆಲುವು 1971ರಲ್ಲಿ ಪೊಕೊನೊದಲ್ಲಿ, ಡೊನಹ್ಯೂ. 99ನೆಯದು 1997ರಲ್ಲಿ ಗೇಟ್‌ವೇಯಲ್ಲಿ, ಪಾಲ್ ಟ್ರೇಸಿ. 1998, 1999 ಎರಡೂ ವರ್ಷ ಬರಿಗೈ. ಆಮೇಲೆ ತಂಡ ಸ್ವಂತ ಚಾಸಿಸ್, ಮರ್ಸಿಡಿಸ್, ಗುಡ್‌ಇಯರ್ ಮೂರನ್ನೂ ಬಿಟ್ಟು ರೇನಾರ್ಡ್, ಹೋಂಡಾ, ಫೈರ್‌ಸ್ಟೋನ್‌ಗೆ ಬದಲಾಯಿತು. 2000ದ ಮೇ ತಿಂಗಳಲ್ಲಿ ನಜರೆತ್‌ನಲ್ಲಿ ಜಿಲ್ ಡಿ ಫೆರಾನ್ 100ನೆಯದನ್ನು ತಂದರು. 200ನೆಯದು 2018ರಲ್ಲಿ ವಿಲ್ ಪವರ್, ಇಂಡಿಯಾನಾಪೊಲಿಸ್ ರೋಡ್ ಕೋರ್ಸ್‌ನಲ್ಲಿ. ಗೆಲುವಿನ ಪಕ್ಕದಲ್ಲಿ ಓಡುವ ಮೊತ್ತದ ಕಾಲಂ ಹಾಕಿ ಈ ಕಲ್ಲುಗಳ ಹತ್ತಿರ ನೋಡಿದರೆ ಸಾಕು. 99ರ ಜಾಗದಲ್ಲಿ 98 ಬಂದರೆ ನಾನು ಮೊದಲು ಕೈ ಹಾಕುವುದು 1981ಕ್ಕೆ. 100 ಬಂದರೆ ಪ್ಯಾಟ್ರಿಕ್ ತಂಡದ 1989ರ ಸಾಲೇನಾದರೂ ನುಸುಳಿದೆಯೇ ಎಂದು. 2025ರವರೆಗಿನ ಚಾಂಪಿಯನ್‌ಶಿಪ್‌ಗಳ ಮೊತ್ತ 17. ಅದನ್ನು ಗೆಲುವುಗಳಿಂದ ಊಹಿಸಲು ಹೋಗಬಾರದು. 1978ರಲ್ಲಿ ಸ್ನೀವಾ ಒಂದೂ ರೇಸ್ ಗೆಲ್ಲದೆ ಯುಸ್ಯಾಕ್ ಚಾಂಪಿಯನ್ ಆದರು.

ಮುಗಿಸಿದ ಸ್ಥಾನಕ್ಕೆ ಒಂದು ಖಾನೆ ಸಾಲದು ಎಂದು ಕಲಿಸುವುದೂ 1981ರ ಇಂಡಿ 500. ಬಾಬಿ ಅನ್ಸರ್ ಮೊದಲು ಗೆರೆ ದಾಟಿದರು. ಯಾರೂ ಯಾರನ್ನೂ ಹಿಂದಿಕ್ಕಬಾರದೆಂಬ ಹಳದಿ ಬಾವುಟ ಇದ್ದಾಗ ಪಿಟ್‌ನಿಂದ ಹೊರಬರುತ್ತ ಕಾರುಗಳನ್ನು ಹಿಂದಿಕ್ಕಿದರೆಂದು ಒಂದು ಸುತ್ತಿನ ದಂಡ ಬಿದ್ದು ಮರುದಿನ ಬೆಳಿಗ್ಗೆ ಪ್ಯಾಟ್ರಿಕ್ ತಂಡದ ಮಾರಿಯೊ ಆಂಡ್ರೆಟ್ಟಿ ವಿಜೇತರಾದರು. ಮೇಲ್ಮನವಿಯ ಮೇಲೆ ಅಕ್ಟೋಬರ್ 9ರಂದು ಅನ್ಸರ್‌ಗೆ ಗೆಲುವು ವಾಪಸಾಯಿತು, 40,000 ಡಾಲರ್ ದಂಡದೊಂದಿಗೆ. ಮೇ ತಿಂಗಳ ಪತ್ರಿಕೆಯಿಂದ ತುಂಬಿದರೆ ಒಂದು ಉತ್ತರ, ವರ್ಷಾಂತ್ಯದ ಪುಸ್ತಕದಿಂದ ತುಂಬಿದರೆ ಇನ್ನೊಂದು. ಹಾಗಾಗಿ ಗೆರೆ ದಾಟಿದ ಸ್ಥಾನ, ಮೊದಲ ಅಧಿಕೃತ ಸ್ಥಾನ, ಅಂತಿಮ ಸ್ಥಾನ ಎಂದು ಮೂರು ಖಾನೆ. ಮೊತ್ತಕ್ಕೆ ಕೊನೆಯದು ಮಾತ್ರ. ಅದೇ ಖಾನೆಗಳು 2024ರಲ್ಲಿ ತಿರುಗುಮುರುಗಾಗಿ ಕೆಲಸಕ್ಕೆ ಬಂದವು. ಮಾರ್ಚ್ 10ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜೋಸೆಫ್ ನ್ಯೂಗಾರ್ಡನ್ ಗೆದ್ದರು. ಕೊಂಚ ಹೊತ್ತು ಹೆಚ್ಚು ಶಕ್ತಿ ಕೊಡುವ ಪುಶ್ ಟು ಪಾಸ್ ಬಟನ್ ನಿಷೇಧವಿರುವ ಹೊತ್ತಿನಲ್ಲೂ ಕೆಲಸ ಮಾಡುವಂತೆ ಸಾಫ್ಟ್‌ವೇರ್ ಇತ್ತೆಂದು ಏಪ್ರಿಲ್ 24ರಂದು ಅವರನ್ನೂ ಸ್ಕಾಟ್ ಮೆಕ್‌ಲಾಫ್ಲಿನ್‌ರನ್ನೂ ಅನರ್ಹಗೊಳಿಸಿ ಗೆಲುವನ್ನು ಪಾಟೊ ಓ'ವಾರ್ಡ್‌ಗೆ ಕೊಟ್ಟರು. ಪೆನ್ಸ್ಕಿ ಮೊತ್ತದಿಂದ ಒಂದು ಕಳೆಯಬೇಕು. 2020ರಿಂದ ಇಂಡಿಯಾನಾಪೊಲಿಸ್ ಟ್ರ್ಯಾಕೂ ಇಂಡಿಕಾರ್ ಸರಣಿಯೂ ಪೆನ್ಸ್ಕಿಯವರ ಕಂಪನಿಯದೇ ಆಗಿರುವುದರಿಂದ, ಈ ತಂಡದ ಮೇಲಿನ ಪ್ರತಿ ತೀರ್ಪಿನ ತಾರೀಕನ್ನೂ ಷರಾ ಕಾಲಂನಲ್ಲಿ ಬರೆದಿಡುತ್ತೇನೆ.

2025ರ ಇಂಡಿ 500ಕ್ಕೆ ಮೂರು ಸಾಲುಗಳಿವೆ, ಮೂರಕ್ಕೂ ಷರಾ ಬೇಕು. ಕಾರಿನ ಹಿಂಭಾಗದ ಆಘಾತ ತಡೆಯುವ ಭಾಗವನ್ನು ನಿಯಮ ಮೀರಿ ತಿದ್ದಿದ್ದಕ್ಕೆ ನ್ಯೂಗಾರ್ಡನ್ 32ರಿಂದ, ಪವರ್ 33ರಿಂದ ಹೊರಟರು. ಅರ್ಹತಾ ವೇಗ ನೋಡಿ ಹೊರಟ ಸ್ಥಾನವನ್ನು ತಾಳೆ ಹಾಕುವ ಸೂತ್ರ ಇಲ್ಲಿ ಕೆಂಪು ತೋರಿಸುತ್ತದೆ, ತೋರಿಸಲಿ. ಮೆಕ್‌ಲಾಫ್ಲಿನ್ ಹಸಿರು ಬಾವುಟ ಬೀಳುವ ಮೊದಲೇ, ಟೈರ್ ಬಿಸಿ ಮಾಡುವ ಸುತ್ತಿನಲ್ಲಿ ಗೋಡೆಗೆ ಹೊಡೆದರು. ಇದು ಹೊರಟ ಲೆಕ್ಕವೋ ಅಲ್ಲವೋ ಎಂಬುದಕ್ಕೆ ಹಳೆಯ ಪದ್ಧತಿಯೇ ಉತ್ತರ: 1992ರಲ್ಲಿ ಪೋಲ್‌ನಲ್ಲಿದ್ದ ರಾಬರ್ಟೊ ಗೆರೆರೊ ಹೀಗೇ ಶುರುವಿಗೆ ಮುಂಚೆ ಕಾರು ಕಳೆದುಕೊಂಡರೂ ಅವರಿಗೆ 33ನೇ ಸ್ಥಾನ ಕೊಟ್ಟಿದ್ದಾರೆ. ಸುತ್ತು 0, ಕಾರಣ ಅಪಘಾತ, ಹೊರಟದ್ದು 1.