ದೊಡ್ಡ ಫ್ಯಾನಿಗೆ ಯಾವ ಡ್ರೈವ್? ಮೋಟರ್ ಹತ್ತಿರದಿಂದಲೇ ಶುರು ಮಾಡಿ

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಂಥ ಜಾಗ ಅಂದುಕೊಳ್ಳಿ. ಕಿಲ್ನ್‌ನ (ಸಿಮೆಂಟಿನ ಕಚ್ಚಾವಸ್ತು ಸುಡುವ ಗೂಡು) ಬಿಸಿ ಗಾಳಿ ಎಳೆಯುವ ಐಡಿ ಫ್ಯಾನ್. ಮೋಟರ್ 1,500 ಕಿಲೋವ್ಯಾಟ್, 6.6 ಕೆವಿ. ಇದನ್ನೇ 415 ವೋಲ್ಟ್‌ನಲ್ಲಿ ಓಡಿಸಿದರೆ ಸುಮಾರು 2,500 ಆಂಪಿಯರ್ ಬೇಕು. 6.6 ಕೆವಿಯಲ್ಲಿ 160 ಸಾಕು. ಡ್ರೈವ್ ಅಂದರೆ ಮೋಟರಿನ ವೇಗ ಏರಿಳಿಸುವ ಎಲೆಕ್ಟ್ರಾನಿಕ್ ಸಾಧನ. ಮೀಡಿಯಂ ವೋಲ್ಟೇಜ್ ಡ್ರೈವ್ ಬೇಕಾಗುವುದು ಇದಕ್ಕೇ.

ಮೊದಲು ಡ್ಯಾಂಪರ್, ಅಂದರೆ ಗಾಳಿಯ ಹರಿವು ಹೆಚ್ಚುಕಡಿಮೆ ಮಾಡುವ ಬಾಗಿಲು, ನೋಡಿ. ಒಂದು ತಿಂಗಳು ಗಂಟೆಗೊಮ್ಮೆ ಅದು ಎಷ್ಟು ತೆರೆದಿದೆ ಅಂತ ಬರೆದಿಡಿ. ಅರ್ಧ ಮುಚ್ಚಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲೇ ತಿರುಗುತ್ತಿರುತ್ತದೆ, ಗಾಳಿ ಸುಮ್ನೆ ತಡೆಗೆ ಬಡಿಯುತ್ತಿರುತ್ತದೆ. ವೇಗ 80%ಗೆ ಇಳಿಸಿದರೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧ. ಸದಾ ಪೂರ್ತಿ ತೆರೆದೇ ಇದ್ದರೆ ಉಳಿತಾಯದ ಆಸೆಗೆ ಡ್ರೈವ್ ಕೊಳ್ಳಬೇಡಿ.

ಆಮೇಲೆ ಮೋಟರಿನ ವಯಸ್ಸು. ನನ್ನ ಪ್ರಕಾರ ಆಯ್ಕೆ ನಿಂತಿರುವುದೇ ಇದರ ಮೇಲೆ. ಹಳೇ ವೈಂಡಿಂಗ್ ಮಾಡಿದ್ದು ನಯವಾದ ವೋಲ್ಟೇಜ್ ಅಲೆಗೆ. ವೋಲ್ಟೇಜನ್ನು ಮೂರೇ ಹಂತದಲ್ಲಿ ಕೊಡುವ ಎನ್‌ಪಿಸಿ (ನ್ಯೂಟ್ರಲ್ ಪಾಯಿಂಟ್ ಕ್ಲಾಂಪ್ಡ್) ಡ್ರೈವ್ ಚಿಕ್ಕದು, ಬಿಡಿಭಾಗ ಕಡಿಮೆ. ಆದರೆ ಅದರ ವೋಲ್ಟೇಜ್ ದೊಡ್ಡ ಮೆಟ್ಟಿಲಿನಂತೆ ಜಿಗಿಯುತ್ತದೆ, ಇನ್ಸುಲೇಶನ್‌ಗೆ ಪೆಟ್ಟು. ಹಳೇ ಮೋಟರಿಗೆ ಅಲೆ ನಯ ಮಾಡುವ ಸೈನ್ ಫಿಲ್ಟರ್ ಸೇರಿಸಲೇಬೇಕು. ಮಲ್ಟಿಸೆಲ್ ಡ್ರೈವಿನಲ್ಲಿ ಫೇಸಿಗೆ ಐದಾರು ಸೆಲ್, ಅಂದರೆ ಚಿಕ್ಕ ಚಿಕ್ಕ ಪವರ್ ಘಟಕ, ಸಾಲಾಗಿರುತ್ತವೆ. ಆರು ಅಂದರೆ ಒಟ್ಟು 18, ಒಂದೊಂದರದು ಸುಮಾರು 640 ವೋಲ್ಟ್. ಮೆಟ್ಟಿಲು ಸಣ್ಣದು, ಅಲೆ ನಯ. ಆರು ಸೆಲ್‌ಗೆ ಹೊಂದುವ ಟ್ರಾನ್ಸ್‌ಫಾರ್ಮರ್ ಇದ್ದರೆ ಲೈನಿನ ಕಡೆ 36 ಪಲ್ಸ್, ಹಾರ್ಮೋನಿಕ್ಸ್ (ಲೈನಿನ ಅಲೆ ಕೆಡಿಸುವ ಕರೆಂಟ್) ತೀರಾ ಕಡಿಮೆ. ಪ್ಯಾನಲ್ ಮಾತ್ರ ಉದ್ದ, ತೂಕ ಜಾಸ್ತಿ. ಹಳೇ ಮೋಟರ್ ಉಳಿಸಿಕೊಳ್ಳುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಇಳಿಜಾರಿನ ಕನ್ವೇಯರ್ ಬೇರೆ ಮಾತು. ಅಲ್ಲಿ ಬ್ರೇಕ್ ಹಾಕುವಾಗ ಶಕ್ತಿ ಲೈನಿಗೆ ವಾಪಸ್ ಬರಬೇಕು. ಕರೆಂಟ್ ಸೋರ್ಸ್ ಡ್ರೈವ್‌ಗೆ ಅದು ಸಹಜ. ಹತ್ತಾರು ಮೆಗಾವ್ಯಾಟಿನ ಸಿಂಕ್ರೊನಸ್ ಮೋಟರಿಗೆ ಎಲ್‌ಸಿಐ (ಲೋಡ್ ಕಮ್ಯುಟೇಟೆಡ್ ಇನ್ವರ್ಟರ್) ಎಂಬ ಡ್ರೈವ್.

ಈಗ ಕೋಣೆ. ಡ್ರೈವ್ 97% ದಕ್ಷವಾದರೂ ಪೂರ್ತಿ ಲೋಡಿನಲ್ಲಿ ಸುಮಾರು 45 ಕಿಲೋವ್ಯಾಟ್ ಶಾಖ ಹೊರಬರುತ್ತದೆ. 45 ಇಸ್ತ್ರಿ ಪೆಟ್ಟಿಗೆ ಒಂದೇ ಕೋಣೆಯಲ್ಲಿ ಕಾದ ಹಾಗೆ! ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ? ಏಸಿಯೋ, ಡಕ್ಟೋ, ನೀರಿನ ಕೂಲಿಂಗೋ ಮೊದಲೇ ತೀರ್ಮಾನಿಸಿ. ಇರುವ ಪ್ಯಾನಲ್ಲಿನ ಫಿಲ್ಟರ್ ಬಿಚ್ಚಿ, ಬೆರಳಿನಿಂದ ತಟ್ಟಿ ನೋಡಿ. ಸಿಮೆಂಟ್ ಧೂಳು ಬೂದಿಯಂತೆ ಉದುರಿದರೆ, ಹೊಸ ಡ್ರೈವ್ ಉಸಿರಾಡುವ ಗಾಳಿಯೂ ಅದೇ.

ಕೊನೆಗೆ ಕೊಟೇಶನ್. ಒಂದು ಸೆಲ್ ಕೆಟ್ಟರೆ ಬೈಪಾಸ್ ಆಗಿ ಫ್ಯಾನ್ ಓಡುತ್ತದೆಯೇ, ಎಷ್ಟು ವೇಗದಲ್ಲಿ? ಸ್ಪೇರ್ ಸೆಲ್ ಸ್ಟೋರಿನಲ್ಲಿ ಇರುತ್ತದೆಯೇ? ದಕ್ಷತೆಯನ್ನು ಟ್ರಾನ್ಸ್‌ಫಾರ್ಮರ್, ಕೂಲಿಂಗ್ ಫ್ಯಾನ್ ಎಲ್ಲ ಸೇರಿಸಿ, ನೀವು ಬರೆದಿಟ್ಟ ಲೋಡಿನಲ್ಲೇ ಲಿಖಿತವಾಗಿ ಕೇಳಿ.