ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ನನ್ನ ತೂಕಕ್ಕೆ ಹೊಂದಿದ್ದು ಹೀಗೆ

ಹಳೆಯ ಬೈಕ್ ಕೊಂಡ ದಿನದಿಂದ ಪ್ರತಿ ರಸ್ತೆ ಉಬ್ಬಿಗೂ ಹಿಂಬದಿ ಎತ್ತಿ ಒಗೆಯುತ್ತಿತ್ತು. ಸೊಂಟ ಹಿಡಿದುಕೊಂಡಿತು. ಟೈರಿನ ಗಾಳಿ ಇಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ಒಂದು ಭಾನುವಾರ ಶಾಕ್ ಅಬ್ಸಾರ್ಬರಿನ ಬುಡಕ್ಕೆ ಮೆತ್ತಿದ್ದ ಕೆಸರನ್ನು ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಉಜ್ಜಿದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ, ಮೆಟ್ಟಿಲಿನಂಥ ಐದು ಕಚ್ಚುಗಳ ಬಳೆ ಕಾಣಿಸಿತು. ಎರಡೂ ಬದಿಯಲ್ಲಿ ಅದು ಐದನೆಯ, ಅಂದರೆ ಅತಿ ಬಿಗಿಯಾದ ಕಚ್ಚಿನಲ್ಲಿತ್ತು! ನನ್ನ ತೂಕ 56 ಕೆ.ಜಿ.

ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಚಕ್ರ ನೆಲ ಬಿಟ್ಟಾಗ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಅಂಚಿನವರೆಗೆ ಅಳೆದೆ. ಆಮೇಲೆ ಸ್ಟ್ಯಾಂಡ್ ತೆಗೆದು ನಾನು ಕುಳಿತೆ, ತಮ್ಮ ಟೇಪು ಹಿಡಿದ. ಇಳಿದದ್ದು ಬರೀ 12 ಮಿ.ಮೀ. ಚಕ್ರ ಮೇಲೆ ಕೆಳಗೆ ಒಟ್ಟು 80 ಮಿ.ಮೀ. ಆಡುವ ಬೈಕಿನಲ್ಲಿ ಸವಾರ ಕುಳಿತಾಗ ಅದರ ಸುಮಾರು ಮೂರನೆಯ ಒಂದು ಭಾಗ ಇಳಿಯಬೇಕು.

ಕೊಕ್ಕೆ ಸ್ಪ್ಯಾನರ್ ಹಾಕಿ ಎರಡೂ ಬದಿ ಎರಡನೆಯ ಕಚ್ಚಿಗೆ ತಂದೆ. ಈಗ 25 ಮಿ.ಮೀ. ಇಳಿಯುತ್ತದೆ. ಸ್ಪ್ಯಾನರ್ ಜಾರಿದರೆ ಬೆರಳ ಗೆಣ್ಣು ಸುಲಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಎರಡೂ ಬದಿ ಒಂದೇ ಕಚ್ಚಿನಲ್ಲಿರುವುದು ಕಡ್ಡಾಯ.

ಇದರಿಂದ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ. ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ, ಗುಂಡಿ ಬಂದಾಗ ಚಕ್ರಕ್ಕೆ ಕೆಳಗಿಳಿಯಲು ಜಾಗ ಸಿಗುತ್ತದೆ. ಹೆಂಡತಿ ಹಿಂದೆ ಕುಳಿತು ಊರಿಗೆ ಹೊರಟ ದಿನ ನಾಲ್ಕಕ್ಕೆ ಏರಿಸುತ್ತೇನೆ, ಇಲ್ಲದಿದ್ದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.