ಸ ಪ ಸ ಪ: ಮಂಡಕ್ಕಿ ಭಟ್ಟಿ ಓಣಿಯ ನಮ್ಮ ಆರ್ಕೆಸ್ಟ್ರಾ

ದಾವಣಗೆರೆಯಲ್ಲಿ ಆರ್ಕೆಸ್ಟ್ರಾ ಅಂದ್ರೆ ಗಣಪತಿ ಪೆಂಡಾಲಿನ ಮುಂದೆ ರಾತ್ರಿ ಹನ್ನೆರಡರವರೆಗೆ ಸಿನಿಮಾ ಹಾಡು ಹಾಡುವ ತಂಡ. ನಾನೂ ಅಂಥ ತಂಡದಲ್ಲಿ 11 ವರ್ಷ ಪಿಟೀಲು ನುಡಿಸಿದವನೇ. ಹಾಗಾಗಿ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋಗಿ, "ಮಕ್ಕಳ ಆರ್ಕೆಸ್ಟ್ರಾ ಮಾಡ್ತೀನಿ, ಕಳಿಸಿ" ಎಂದಾಗ ಒಬ್ಬ ತಾಯಿ ಕೇಳಿದ್ದು ಒಂದೇ ಮಾತು: "ಪ್ರೋಗ್ರಾಮಿಗೆ ಎಷ್ಟು ಕೊಡ್ತೀರಿ?" ಅವರ ತಪ್ಪಿಲ್ಲ ಬಿಡಿ.

ನನ್ನ ತಲೆಯಲ್ಲಿ ಇದ್ದದ್ದು ದಕ್ಷಿಣ ಅಮೆರಿಕದ ವೆನೆಜುವೆಲಾ. 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಅನ್ನುವವರು ಕಾರಕಾಸ್ ಊರಿನ ಒಂದು ಗ್ಯಾರೇಜಿನಲ್ಲಿ ಬೆರಳೆಣಿಕೆಯ ಹುಡುಗರನ್ನು ಕೂರಿಸಿಕೊಂಡು ಶುರು ಮಾಡಿದ್ದು ಮುಂದೆ ಎಲ್ ಸಿಸ್ಟೆಮಾ ಎಂದು ಹೆಸರಾಯಿತು. ಬಡ ಮಕ್ಕಳ ಕೈಗೆ ಪುಕ್ಕಟೆ ವಾದ್ಯ, ದಿನಾ ಅಭ್ಯಾಸ, ಎಲ್ಲರೂ ಕೂಡಿ ನುಡಿಸುವುದು. ಗುಸ್ತಾವೊ ದುದಮೆಲ್ ಅಲ್ಲಿಂದಲೇ ಬೆಳೆದು ಅಮೆರಿಕದ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಎಂಬ ದೊಡ್ಡ ಆರ್ಕೆಸ್ಟ್ರಾ ನಡೆಸಿದವರು. ಇದನ್ನೆಲ್ಲ ಹುರುಪಿನಿಂದ ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿದೆ. ಕಂಪನಿ ನಾಟಕಗಳಲ್ಲಿ ಕಾಲುಪೆಟ್ಟಿಗೆ ಒತ್ತಿ ಮುದುಕರಾದವರು ಅವರು. "ಅಷ್ಟು ದೂರ ಯಾಕೋ ಹೋಗ್ತೀಯಾ? ಗದಗಿಗೆ ಹೋಗಿ ಬಾ" ಎಂದರು.

ನಿಜ ಅಲ್ವಾ? ಗದಗಿನ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಿದ್ದೇ 1944ರಲ್ಲಿ. ಅಷ್ಟರೊಳಗೆ ಎಷ್ಟು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಸಂಗೀತ ಕಲಿಸಿದ್ದರು. ಮಕ್ಕಳ ಊಟಕ್ಕೆ ದುಡ್ಡು ಬೇಕಲ್ಲ, ಅದಕ್ಕೆ ನಾಟಕ ಕಂಪನಿಯನ್ನೇ ಕಟ್ಟಿದರು. ಮಧ್ಯಪ್ರದೇಶದ ಮೈಹರ್‌ನಲ್ಲಿ ಸರೋದ್ ವಾದಕ ಅಲ್ಲಾವುದ್ದೀನ್ ಖಾನರು ಅನಾಥ ಮಕ್ಕಳನ್ನು ಕೂಡಿಸಿ ಬ್ಯಾಂಡ್ ಕಟ್ಟಿದ್ದೂ ಕಾರಕಾಸಿಗಿಂತ ಅರ್ಧ ಶತಮಾನ ಮುಂಚೆ. ಬಂದೂಕಿನ ನಳಿಕೆ ಕೊಯ್ದು ನಳತರಂಗ್ ಎಂಬ ವಾದ್ಯ ಮಾಡಿದ ಪುಣ್ಯಾತ್ಮ ಅವರು.

ಗದಗಿನಿಂದ ನಾನು ಕಲಿತದ್ದು ಒಂದೇ. ಮೊದಲು ಊಟ. ಸಂಜೆಗೆ ಏನಾದರೂ ತಿನ್ನಲು ಕೊಡಬೇಕೆಂದು ಮೊದಲ ದಿನ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದೆ. ಒಂದು ಮಗುವೂ ಮುಟ್ಟಲಿಲ್ಲ. "ಸಾರ್, ಮನೇಲಿ ಬರೀ ಅದೇ." ದಿನವಿಡೀ ಮಂಡಕ್ಕಿ ಹುರಿಯುವ ಮನೆಯ ಮಕ್ಕಳಿಗೆ ಮಂಡಕ್ಕಿ ಕೊಟ್ಟ ಜಾಣ ನಾನು. ಮರುದಿನದಿಂದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ.

ಎರಡನೇ ತಪ್ಪು ಟೈಮಿನದು. ಐದು ಗಂಟೆಗೆ ಕ್ಲಾಸ್ ಇಟ್ಟಿದ್ದೆ. ಮೊದಲ ದಿನ ಕಳೆದ ಮೇಲೆ ಬಂದವರೆಲ್ಲ ಅಂಗಡಿಯವರ, ಆಟೋದವರ ಮಕ್ಕಳು. ಭಟ್ಟಿಯ ಮಕ್ಕಳು ಆ ಹೊತ್ತಿಗೆ ಚೀಲಕ್ಕೆ ಮಂಡಕ್ಕಿ ತುಂಬುತ್ತಿದ್ದರು. ಎಲ್ ಸಿಸ್ಟೆಮಾ ಬಗ್ಗೆಯೂ ಇದೇ ದೂರು ಇದೆ: ಬಡವರ ಹೆಸರಲ್ಲಿ ನಡೆದರೂ ಕಡುಬಡವರು ಅಂದುಕೊಂಡಷ್ಟು ಸೇರಿಲ್ಲ ಅಂತ. ಕ್ಲಾಸನ್ನು ಏಳು ಗಂಟೆಗೆ ಹಾಕಿದ ಮೇಲೆ ಭಟ್ಟಿಯ ಮಕ್ಕಳು ಬರತೊಡಗಿದರು. ತಲೆ ಮೇಲೆ ಬೂದಿ, ಕಣ್ಣಲ್ಲಿ ನಿದ್ದೆ.

ವಾದ್ಯದ ವಿಷಯಕ್ಕೆ ಬರೋಣ. ದುಗ್ಗಮ್ಮನ ಜಾತ್ರೆಯಲ್ಲಿ ಒಂದು ಡಜನ್ ಕೊಳಲು ಕೊಂಡೆ, ಅಗ್ಗವಾಗಿ ಸಿಕ್ಕವು ಅಂತ. ಒಂದರ ಶ್ರುತಿ ಇನ್ನೊಂದಕ್ಕೆ ಕೂಡದು. ಹನ್ನೆರಡೂ ಒಟ್ಟಿಗೆ ಊದಿದರೆ ನಾಯಿಗಳು ಊಳಿಡುತ್ತಿದ್ದವು, ಸುಮ್ನೆ ಹೇಳ್ತಿಲ್ಲ. ಕೊನೆಗೆ ಅವನ್ನು ಮಕ್ಕಳಿಗೇ ಆಡಲು ಕೊಟ್ಟು, ಹಳೆಯ ಅರ್ಧ ಸೈಜಿನ ಪಿಟೀಲು ಆರು ಹೊಂದಿಸಿದೆ. ಏಪ್ರಿಲ್ ಬಿಸಿಲಿಗೆ ತಂತಿ ಬಿಗಿಯುವ ಬಿರಡೆ ನಿಲ್ಲೋದಿಲ್ಲ, ಜಾರುತ್ತದೆ. ಅದಕ್ಕೆ ಸೀಮೆಸುಣ್ಣ ಉಜ್ಜಿದರೆ ಸಾಕು.

ನಮ್ಮ ಪದ್ಧತಿಯಲ್ಲಿ ದೊಡ್ಡ ಅನುಕೂಲ ಇದೆ. ನೆಲದ ಮೇಲೆ ಕೂತು ನುಡಿಸುತ್ತೇವೆ, ಕುರ್ಚಿ ಬೇಡ, ಸ್ಟ್ಯಾಂಡ್ ಬೇಡ. ನಾಲ್ಕು ತಂತಿಯನ್ನು ಸ ಪ ಸ ಪ ಅಂತ ಕೂಡಿಸುತ್ತೇವೆ. ಎಡಗೈ ಬೆರಳು ಇಡಲು ಬಾರದ ಮಗುವೂ ಬರೀ ಕಮಾನು ಎಳೆದರೆ ಷಡ್ಜ, ಪಂಚಮ, ಅಂದ್ರೆ ಸ, ಪ ಬರುತ್ತದೆ. ಮೊದಲ ದಿನವೇ ಅವನು ಆರ್ಕೆಸ್ಟ್ರಾದ ಒಳಗೆ. ರಾಗ ಮೋಹನ ಇಟ್ಟುಕೊಂಡೆ. ಐದೇ ಸ್ವರ, ಯಾವುದು ಯಾವುದರ ಜೊತೆ ಬಿದ್ದರೂ ಕಿವಿಗೆ ಜಾಸ್ತಿ ಚುಚ್ಚದು. ತಾಳಕ್ಕೆ ತಮಟೆಯ ಹುಡುಗರಿದ್ದರು. ಅವರಿಗೆ ನಾನು ಕಲಿಸಿದ್ದು ಏನೂ ಇಲ್ಲ. ಮೆಲ್ಲಗೆ ಬಾರಿಸಿ ಅಂದದ್ದು ಬಿಟ್ಟರೆ.

ಒಬ್ಬಳು ಹುಡುಗಿಯನ್ನು ಲೇಟಾಗಿ ಬಂದಳೆಂದು ಎಲ್ಲರೆದುರು ಬೈದೆ. ಶಿಸ್ತು ಅಂದುಕೊಂಡೆ. ಅವತ್ತು ಓಣಿಗೆ ನೀರು ಬಿಟ್ಟಿದ್ದರು, ಆಕೆ ಕೊಡ ಹಿಡಿದು ಸಾಲಲ್ಲಿ ನಿಂತಿದ್ದಳು. ಮತ್ತೆ ಬರಲೇ ಇಲ್ಲ. ಮನೆಗೆ ಎರಡು ಸಲ ಹೋದೆ. ಬಾಗಿಲ ಹಿಂದಿನಿಂದಲೇ "ಇಲ್ಲ ಸಾರ್" ಎಂದಳು. ಚೆನ್ನಾಗಿ ನುಡಿಸುತ್ತಿದ್ದಳು.

ಒಮ್ಮೆ ಒಂದು ಸಂಸ್ಥೆಯವರು ಎಲ್ಲರಿಗೂ ಒಂದೇ ಟೀ ಶರ್ಟ್ ಕೊಟ್ಟು ವೇದಿಕೆಗೆ ಕರೆದರು. ಭಾಷಣ ಮುಗಿದು ನಮ್ಮ ಸರದಿ ಬಂದಾಗ ರಾತ್ರಿ ಹತ್ತು. ನಾಲ್ಕು ನಿಮಿಷ ನುಡಿಸಿದೆವು. ಇಬ್ಬರು ಚಿಕ್ಕವರು ಪಿಟೀಲಿನ ಮೇಲೇ ತಲೆಯಿಟ್ಟು ಮಲಗಿದ್ದರು. "ಸಾಮಾಜಿಕ ಬದಲಾವಣೆ" ಎಂದು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿತ್ತು. ಆಮೇಲೆ ಆ ಪದವನ್ನು ನಾನು ಬಳಸಿಲ್ಲ.

ಭಟ್ಟಿಯ ಒಬ್ಬ ಹುಡುಗ ಆರು ತಿಂಗಳಾದರೂ ಬೆರಳು ಇಡಲು ಒಪ್ಪಲಿಲ್ಲ. ಸ, ಪ ಅಷ್ಟೇ. ಉದ್ದಕ್ಕೆ, ಅಲುಗದ ಕಮಾನು. ಒಂದು ದಿನ ಅವನು ಬಂದಿರಲಿಲ್ಲ. ಎರಡು ಆವರ್ತ ನುಡಿಸಿದ ಮೇಲೆ ತಮಟೆಯ ಹುಡುಗ ತಾನೇ ನಿಲ್ಲಿಸಿದ. "ಸಾರ್, ಕೆಳಗೆ ಏನೂ ಇಲ್ಲ ಇವತ್ತು" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೂವರು ಚಪ್ಪಲಿ ಮೆಟ್ಟಿ ಓಡಿದ್ದರು. ಕಾಲು ಗಂಟೆಗೆ ಅವನನ್ನು ಎಳೆದುಕೊಂಡು ಬಂದರು, ಜೊತೆಗೆ ಅವನ ಅಪ್ಪನೂ. ಮುಖ ತುಂಬ ಹೊಗೆ. ಕೆಲಸ ಬಿಡಿಸಿದ್ದಕ್ಕೆ ಜಗಳಕ್ಕೆ ಬಂದಿರಬೇಕು ಅಂದುಕೊಂಡೆ. ಅವರು ಬಾಗಿಲಲ್ಲೇ ಕೂತು ಪೂರ್ತಿ ಕೇಳಿದರು. ಎದ್ದು ಹೋಗುವಾಗ, "ಇವನದು ಯಾವ್ದು ಸಾರ್ ಸೌಂಡು?" ಎಂದು ಕೇಳಿದರು. ಹುಡುಗ ತಾನೇ ಕಮಾನು ಎಳೆದು ತೋರಿಸಿದ.